‘ಸ್ವಲ್ಪ ತಡೀರಿ ಸಾರ್’: ಸಣ್ಣ ಸಂಸ್ಥೆಗಳ ಸೈಬರ್ ಭದ್ರತೆಯಲ್ಲಿ ಕಲಿತ ಪಾಠಗಳು

ನಾನು ಭದ್ರತಾ ತಪಾಸಣೆಗೆ ಹೋಗುವುದು ದೊಡ್ಡ ಐಟಿ ಕಂಪನಿಗಳಿಗಲ್ಲ. ಅವರಲ್ಲಿ ಈ ಕೆಲಸಕ್ಕೆಂದೇ ಒಂದು ಮಹಡಿ ತುಂಬ ಜನ ಇರುತ್ತಾರೆ. ನನ್ನ ಗಿರಾಕಿಗಳೆಂದರೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಮೆಷಿನ್ ಶಾಪುಗಳು, ಜಿಲ್ಲಾ ಕೇಂದ್ರಗಳ ಖಾಸಗಿ ಆಸ್ಪತ್ರೆಗಳು, ಪತ್ತಿನ ಸಹಕಾರ ಸಂಘಗಳು, ಒಂದೆರಡು ಶಿಕ್ಷಣ ಸಂಸ್ಥೆಗಳು. ಇಲ್ಲೆಲ್ಲ ಐಟಿ ವಿಭಾಗ ಅಂದರೆ ಸಾಮಾನ್ಯವಾಗಿ ಒಬ್ಬ ಹುಡುಗ. ಪ್ರಿಂಟರ್ ಕೆಟ್ಟರೂ ಅವನೇ, ಸರ್ವರ್ ಕೆಟ್ಟರೂ ಅವನೇ, ಮಾಲೀಕರ ಮಗಳ ಲ್ಯಾಪ್‌ಟಾಪ್ ನಿಧಾನವಾದರೂ ಅವನೇ. ‘ಭದ್ರತೆಗೆ ಏನು ಮಾಡಿದ್ದೀರಿ?’ ಎಂದು ಕೇಳಿದರೆ ಆಂಟಿವೈರಸ್ ಕೊಂಡ ಬಿಲ್ ತೋರಿಸುತ್ತಾರೆ.

ಹೀಗೆ ಓಡಾಡುತ್ತಾ ನನಗೆ ಖಚಿತವಾದ ಸಂಗತಿ ಒಂದಿದೆ. ಇಂಥ ಕಡೆ ಕಳ್ಳನಿಗೆ ದಾರಿ ಮಾಡಿಕೊಡುವುದು ಹೆಚ್ಚಾಗಿ ಆಫೀಸಿನ ನಡಾವಳಿ. ಸಾಹೇಬರು ಹೇಳಿದ ಮೇಲೆ ಮರುಪ್ರಶ್ನೆ ಹಾಕಬಾರದು, ಹಳಬರ ಮೇಲೆ ಅನುಮಾನ ಪಡಬಾರದು, ಗಿರಾಕಿಯನ್ನು ಕಾಯಿಸಬಾರದು. ಎಲ್ಲವೂ ಒಳ್ಳೆಯ ಗುಣಗಳೇ. ವಂಚಕ ಬಳಸಿಕೊಳ್ಳುವುದೂ ಇವನ್ನೇ. ಕೆಳಗಿನ ಪಾಠಗಳನ್ನು ಈ ಹಿನ್ನೆಲೆಯಲ್ಲಿ ಓದಿಕೊಳ್ಳಬೇಕು.

1. ಮೊದಲು ಕಾಲಲ್ಲಿ ನಡೆದು ಲೆಕ್ಕ ಹಾಕಿ

ಐಟಿ ಹುಡುಗ ಕೊಡುವ ಎಕ್ಸೆಲ್ ಪಟ್ಟಿಯನ್ನು ನಾನು ನಂಬುವುದಿಲ್ಲ. ಪಟ್ಟಿಯಲ್ಲಿ ಕಂಪ್ಯೂಟರುಗಳು ಇರುತ್ತವೆ, ಸಿಸಿಟಿವಿಯ ಡಿವಿಆರ್ ಇರುವುದಿಲ್ಲ. ಹಾಜರಾತಿಗೆ ಬೆರಳಚ್ಚು ತೆಗೆದುಕೊಳ್ಳುವ ಯಂತ್ರ, ಸಭಾಂಗಣದ ಟಿವಿ, ಲಾರಿ ತೂಗುವ ವೇಬ್ರಿಡ್ಜಿನ ಪಕ್ಕದ ಕೋಣೆಯಲ್ಲಿ ಧೂಳು ಹಿಡಿದಿರುವ ಹಳೆಯ ಪಿಸಿ, ಇವು ಯಾವುವೂ ಇರುವುದಿಲ್ಲ. ಆದ್ದರಿಂದ ಮೊದಲ ದಿನ ನೆಟ್‌ವರ್ಕ್ ಕೇಬಲ್ ಹಿಡಿದುಕೊಂಡು ಅದು ಹೋದಲ್ಲೆಲ್ಲ ಹೋಗುತ್ತೇನೆ. ಮಾಲೀಕರು ಮನೆಯಲ್ಲಿ ಕೂತು ಮೊಬೈಲಿನಲ್ಲಿ ಕ್ಯಾಮೆರಾ ನೋಡಲಿ ಎಂದು ಡಿವಿಆರನ್ನು ನೇರವಾಗಿ ಇಂಟರ್‌ನೆಟ್ಟಿಗೆ ತೆರೆದಿಟ್ಟಿರುವುದು ಮತ್ತೆ ಮತ್ತೆ ಸಿಗುತ್ತದೆ. ಅದರ ಪಾಸ್‌ವರ್ಡ್ ಪೆಟ್ಟಿಗೆಯಿಂದ ಬಂದಾಗ ಇದ್ದದ್ದೇ.

ಸಿಎನ್‌ಸಿ ಯಂತ್ರಕ್ಕೋ ಎಕ್ಸ್‌ರೇ ಯಂತ್ರಕ್ಕೋ ಕಟ್ಟಿಹಾಕಿರುವ ವಿಂಡೋಸ್ 7 ಪಿಸಿ ಇನ್ನೊಂದು ತಲೆನೋವು. ಅದನ್ನು ಹೊಸದು ಮಾಡಲು ಆಗುವುದಿಲ್ಲ. ಯಂತ್ರದ ಸಾಫ್ಟ್‌ವೇರ್ ಹೊಸ ವಿಂಡೋಸಿನಲ್ಲಿ ಓಡುವುದಿಲ್ಲ, ಹೊಸ ಯಂತ್ರಕ್ಕೆ ಲಕ್ಷಗಟ್ಟಲೆ ಬೇಕು. ಬೈದು ಪ್ರಯೋಜನವಿಲ್ಲ, ಬೇರೆ ಮಾಡಬೇಕು. ಆ ಪಿಸಿಗೆ ಇಂಟರ್‌ನೆಟ್ ಬೇಡ, ಲೆಕ್ಕಪತ್ರ ವಿಭಾಗದ ಕಂಪ್ಯೂಟರುಗಳ ಜೊತೆ ಅದೇ ನೆಟ್‌ವರ್ಕಿನಲ್ಲಿ ಕೂರುವುದೂ ಬೇಡ. ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ 2022ರ ನವೆಂಬರಿನಲ್ಲಿ ಐದು ಸರ್ವರುಗಳ ಸುಮಾರು 1.3 ಟೆರಾಬೈಟ್ ದತ್ತಾಂಶ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್‌ಗೆ ಸಿಕ್ಕಿ, ಹೊರರೋಗಿಗಳ ನೋಂದಣಿಯಿಂದ ಲ್ಯಾಬ್ ವರದಿಯವರೆಗೆ ಎಲ್ಲವೂ ಸುಮಾರು ಎರಡು ವಾರ ಕೈಬರಹಕ್ಕೆ ಮರಳಿತು. ನೆಟ್‌ವರ್ಕನ್ನು ಸರಿಯಾಗಿ ವಿಂಗಡಿಸದೆ ಇದ್ದದ್ದೇ ಕಾರಣ ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಏಮ್ಸ್‌ಗೇ ಹೀಗಾದರೆ ಐವತ್ತು ಹಾಸಿಗೆಯ ಆಸ್ಪತ್ರೆಯ ಗತಿ ಏನು ಎಂದು ನಾನು ಹೆದರಿಸುವುದಿಲ್ಲ. ಐವತ್ತು ಹಾಸಿಗೆಯ ಆಸ್ಪತ್ರೆಯಲ್ಲಿ ವಿಂಗಡಣೆ ಸುಲಭ. ಒಂದು ಒಳ್ಳೆಯ ಸ್ವಿಚ್ ಮತ್ತು ಒಂದು ಶನಿವಾರ ಮಧ್ಯಾಹ್ನ ಸಾಕು.

2. ಅಪ್‌ಡೇಟ್‌ಗೆ ಒಂದು ವಾರ ನಿಗದಿ ಮಾಡಿ

ಇದರಲ್ಲಿ ಹೆಚ್ಚು ಹೇಳುವುದಿಲ್ಲ. 2017ರ ಮೇ 12ರಂದು ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಜಗತ್ತನ್ನು ಸುತ್ತಿತು. ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಬಿಡುಗಡೆ ಮಾಡಿತ್ತು. ಹೆಚ್ಚು ಕಡಿಮೆ ಎರಡು ತಿಂಗಳು. ‘ಜಿಎಸ್‌ಟಿ ರಿಟರ್ನ್ಸ್ ಮುಗೀಲಿ ಸಾರ್, ಆಮೇಲೆ ಮಾಡ್ತೀವಿ’ ಎನ್ನುವವರಿಗೆ ನಾನು ಕೇಳುವುದು, ರಿಟರ್ನ್ಸ್ ಇಲ್ಲದ ತಿಂಗಳು ಯಾವುದು?

3. ಪಾಸ್‌ವರ್ಡ್ ಗೊತ್ತಿರುವವರ ಪಟ್ಟಿ ಬರೆಸಿ

ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಬೇಕೆಂಬ ನಿಯಮವನ್ನು ಕಂಡಲ್ಲೆಲ್ಲ ತೆಗೆಸುತ್ತೇನೆ. ಅದರಿಂದ ಹುಟ್ಟುವುದು ಕಂಪನಿಯ ಹೆಸರು, ಒಂದು ಅಟ್ ಚಿಹ್ನೆ, ತಿಂಗಳಿಗೊಮ್ಮೆ ಏರುವ ಒಂದು ಅಂಕಿ. ಅದೂ ನೆನಪಾಗದಿದ್ದರೆ ಕೀಬೋರ್ಡಿನ ಅಡಿಯಲ್ಲಿ ಚೀಟಿ. ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್‌ಗಾಗಿ 2003ರಲ್ಲಿ ಪಾಸ್‌ವರ್ಡ್ ನಿಯಮಗಳನ್ನು ಬರೆದ ಬಿಲ್ ಬರ್ ಅವರೇ ಆಮೇಲೆ ಅದಕ್ಕಾಗಿ ವಿಷಾದಿಸಿದರು. 2017ರಲ್ಲಿ ನಿಸ್ಟ್ ತನ್ನ ಮಾರ್ಗಸೂಚಿಯಲ್ಲಿ ಸಕಾರಣವಿಲ್ಲದೆ ಆಗಾಗ ಬದಲಿಸಲು ಹೇಳಬೇಡಿ, ಉದ್ದದ ಪಾಸ್‌ವರ್ಡ್‌ಗೆ ಅವಕಾಶ ಕೊಡಿ ಎಂದಿತು. ನಮ್ಮ ಊಟ, ಊರು, ಬೈಗುಳಗಳ ನಾಲ್ಕು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿದರೆ ಊಹಿಸುವುದು ಕಷ್ಟ, ಮರೆಯುವುದು ಇನ್ನೂ ಕಷ್ಟ. ಬೈಗುಳ ಸೇರಿಸಿದವರು ಅದನ್ನು ಬೇರೆಯವರಿಗೆ ಹೇಳಲೂ ನಾಚುತ್ತಾರೆ ಎಂಬುದು ಮೇಲಿನ ಲಾಭ.

ನಿಜವಾದ ರೋಗ ಪಾಸ್‌ವರ್ಡ್‌ನ ಉದ್ದದ್ದಲ್ಲ, ಹಂಚಿಕೆಯದು. ಒಂದು ಪತ್ತಿನ ಸಂಘದಲ್ಲಿ ಸಾಲ ಮಂಜೂರಾದ ಮೇಲೆ ಹಣ ಬಿಡುಗಡೆ ಮಾಡುವ ಕ್ರಮ ನೋಡುತ್ತಾ ಕೂತಿದ್ದೆ. ಬ್ಯಾಂಕಿಂಗ್‌ನಲ್ಲಿ ಇದಕ್ಕೆ ಮೇಕರ್–ಚೆಕರ್ ಪದ್ಧತಿ ಎನ್ನುತ್ತಾರೆ. ಒಬ್ಬರು ನಮೂದಿಸಬೇಕು, ಇನ್ನೊಬ್ಬರು ತಮ್ಮ ಲಾಗಿನ್‌ನಿಂದ ಪರಿಶೀಲಿಸಿ ಒಪ್ಪಬೇಕು. ಕೌಂಟರಿನ ಮೇಡಂ ನಮೂದಿಸಿದರು, ಲಾಗೌಟ್ ಆದರು, ಮ್ಯಾನೇಜರರ ಹೆಸರಿನಲ್ಲಿ ಲಾಗಿನ್ ಆದರು, ಒಪ್ಪಿದರು, ಮತ್ತೆ ತಮ್ಮ ಹೆಸರಿಗೆ ಬಂದರು. ಕುರ್ಚಿಯಿಂದ ಏಳಲಿಲ್ಲ, ಕೈ ಒಮ್ಮೆಯೂ ತಡವರಿಸಲಿಲ್ಲ. ‘ಮ್ಯಾನೇಜರ್ ಸಾರ್ ಮೀಟಿಂಗ್‌ಗೆ ಹೋಗ್ತಾ ಇರ್ತಾರಲ್ಲ ಸಾರ್, ಮೆಂಬರ್ಸ್ ಕಾಯ್ತಾರೆ’ ಎಂದರು. ಆಕೆ ಪ್ರಾಮಾಣಿಕರು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆಕೆಯ ಕಂಪ್ಯೂಟರಿಗೆ ಒತ್ತಿದ ಕೀಲಿಗಳನ್ನೆಲ್ಲ ಕದ್ದು ದಾಖಲಿಸುವ ಒಂದು ಕೀಲಾಗರ್ ಹೊಕ್ಕರೆ ಅಥವಾ ನಾಳೆ ಆ ಕುರ್ಚಿಯಲ್ಲಿ ಬೇರೆ ಯಾರೋ ಕೂತರೆ, ಎರಡು ಸಹಿಯ ಪದ್ಧತಿ ಪೂರ್ತಿ ಒಬ್ಬರ ಕೈಲಿರುತ್ತದೆ. ಏನಾದರೂ ಆದಾಗ ದಾಖಲೆಯಲ್ಲಿ ಕಾಣುವುದು ಮೀಟಿಂಗ್‌ನಲ್ಲಿದ್ದ ಮ್ಯಾನೇಜರರ ಹೆಸರು. ಮ್ಯಾನೇಜರರಿಗೆ ಈ ಕೊನೆಯ ವಾಕ್ಯ ಹೇಳಿದ ಮೇಲೆಯೇ ವಿಷಯ ನಾಟಿದ್ದು.

ಪರಿಹಾರಕ್ಕೆ ತಂತ್ರಜ್ಞಾನ ಬೇಕಾಗಲಿಲ್ಲ. ಮ್ಯಾನೇಜರ್ ಇಲ್ಲದಾಗ ಒಪ್ಪುವ ಅಧಿಕಾರ ಅಕೌಂಟೆಂಟ್‌ಗೆ ಇರಲಿ ಎಂದು ಆಡಳಿತ ಮಂಡಳಿ ಒಂದು ಠರಾವು ಮಾಡಿತು. ಇಬ್ಬರೂ ಇಲ್ಲದ ದಿನ ಹಣ ಬಿಡುಗಡೆ ಇಲ್ಲ ಎಂಬ ಬೋರ್ಡು ಕೌಂಟರಿನಲ್ಲಿ ಬಿತ್ತು. ಸದಸ್ಯರು ಗೊಣಗಿದರು, ಆಮೇಲೆ ರೂಢಿಯಾಯಿತು.

ಪಟ್ಟಿ ಬರೆಸುವುದು ಎಂದೆ. ಸರ್ವರ್, ಫೈರ್‌ವಾಲ್, ಇಮೇಲ್, ಟ್ಯಾಲಿ, ನೆಟ್‌ಬ್ಯಾಂಕಿಂಗ್, ಜಿಎಸ್‌ಟಿ ಪೋರ್ಟಲ್, ಹೀಗೆ ಒಂದೊಂದರ ಎದುರೂ ಅದರ ಪಾಸ್‌ವರ್ಡ್ ಯಾರಿಗೆಲ್ಲ ಗೊತ್ತು ಎಂದು ಹೆಸರು ಬರೆಸುತ್ತೇನೆ. ಬರೆಯುತ್ತಾ ಬರೆಯುತ್ತಾ ಮಾಲೀಕರ ಮುಖವೇ ಬದಲಾಗುತ್ತದೆ. ಕೆಲಸ ಬಿಟ್ಟು ಹೋದವರ ಹೆಸರು ಅದರಲ್ಲಿ ಇದ್ದೇ ಇರುತ್ತದೆ.

4. ಒಟಿಪಿಯನ್ನು ಫೋನಿನಲ್ಲಿ ಕೇಳಿಸಿಕೊಳ್ಳುವ ಅಭ್ಯಾಸ ಬಿಡಿಸಿ

ಎರಡನೇ ಹಂತದ ದೃಢೀಕರಣವನ್ನು ಎಲ್ಲಕ್ಕಿಂತ ಮೊದಲು ಇಮೇಲಿಗೆ ಹಾಕಿ. ಉಳಿದ ಎಲ್ಲ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿ ಬರುವುದು ಅಲ್ಲಿಗೇ. ಇದನ್ನು ಎಲ್ಲರೂ ಹೇಳುತ್ತಾರೆ. ಹೇಳದ ಒಂದು ವಿಷಯವಿದೆ. ನಮ್ಮ ಬಹುಪಾಲು ಸಣ್ಣ ಕಂಪನಿಗಳಲ್ಲಿ ಒಟಿಪಿ ಬರುವುದು ಮಾಲೀಕರ ಮೊಬೈಲಿಗೆ, ಕೆಲಸ ಮಾಡುವುದು ಅಕೌಂಟ್ಸ್ ಹುಡುಗಿ. ದಿನಕ್ಕೆ ಹತ್ತಾರು ಸಲ ‘ಸಾರ್ ಒಟಿಪಿ ಬಂತಾ?’ ಎಂದು ಆಕೆ ಫೋನ್ ಮಾಡುತ್ತಾಳೆ, ಅವರು ಕಾರು ಓಡಿಸುತ್ತಲೇ ಆರು ಅಂಕಿ ಓದಿ ಹೇಳುತ್ತಾರೆ. ಒಟಿಪಿ ಯಾರಿಗೂ ಹೇಳಬೇಡಿ ಎಂದು ಬ್ಯಾಂಕುಗಳು ಎಷ್ಟೇ ಎಸ್ಸೆಮ್ಮೆಸ್ ಕಳಿಸಲಿ, ಹೇಳುವ ತಾಲೀಮು ಇಲ್ಲಿ ದಿನವೂ ನಡೆಯುತ್ತಿದೆ. ಬ್ಯಾಂಕಿನಿಂದ ಎಂದು ಒಬ್ಬ ಫೋನ್ ಮಾಡಿ ಕೇಳಿದಾಗ ಬಾಯಿ ತಾನಾಗಿಯೇ ಓದುತ್ತದೆ.

ಅಕೌಂಟ್ಸ್‌ನವರಿಗೆ ಅವರದೇ ಲಾಗಿನ್, ಅವರದೇ ದೃಢೀಕರಣ ಆ್ಯಪ್, ಅವರದೇ ಮಿತಿ ಮಾಡಿಕೊಡಿ. ಬ್ಯಾಂಕುಗಳ ಕಾರ್ಪೊರೇಟ್ ನೆಟ್‌ಬ್ಯಾಂಕಿಂಗ್‌ನಲ್ಲಿ ಇದಕ್ಕೆ ಅವಕಾಶ ಇದ್ದೇ ಇರುತ್ತದೆ, ಯಾರೂ ಫಾರ್ಮ್ ತುಂಬಿರುವುದಿಲ್ಲ ಅಷ್ಟೆ. ಮಾಲೀಕರು ಹಣ ಬಿಡುವ ಮೊದಲು ಮೊತ್ತವನ್ನೂ ಹೆಸರನ್ನೂ ತಮ್ಮ ಪರದೆಯ ಮೇಲೆ ತಾವೇ ನೋಡಬೇಕು. ಅಂಕಿ ಓದುವುದು ಒಪ್ಪಿಗೆಯಾಗುವುದಿಲ್ಲ.

5. ಬ್ಯಾಂಕ್ ಖಾತೆ ಬದಲಾಯಿತು ಎಂಬ ಮೇಲ್ ಬಂದರೆ ಹಣ ನಿಲ್ಲಬೇಕು

ರ‍್ಯಾನ್ಸಮ್‌ವೇರ್ ಸುದ್ದಿಯಾಗುತ್ತದೆ. ಸದ್ದಿಲ್ಲದೆ ಹಣ ಹೋಗುವುದು ಈ ಬಾಗಿಲಿನಿಂದ. ನಾನು ನೋಡಿದ ಒಂದು ಪ್ರಕರಣದಲ್ಲಿ ಬಿಡಿಭಾಗ ತಯಾರಿಸುವ ಘಟಕವೊಂದಕ್ಕೆ ಹೊರದೇಶದ ಪೂರೈಕೆದಾರರಿಂದ ಮೇಲ್ ಬಂದಿತ್ತು. ನಮ್ಮ ಬ್ಯಾಂಕ್ ಆಡಿಟ್ ನಡೆಯುತ್ತಿದೆ, ಈ ಸಲದ ಹಣವನ್ನು ಹೊಸ ಖಾತೆಗೆ ಹಾಕಿ ಎಂದು. ಹಳೆಯ ಪತ್ರವ್ಯವಹಾರದ ಸರಪಳಿ ಕೆಳಗೆ ಹಾಗೇ ಇತ್ತು. ಇನ್‌ವಾಯ್ಸ್ ನಂಬರ್ ಸರಿ, ಮೊತ್ತ ಸರಿ, ಕೊನೆಯಲ್ಲಿ ಹಾಕುವ ಶುಭಾಶಯವೂ ಅದೇ ಧಾಟಿಯದು. ವಿಳಾಸದಲ್ಲಿ ಇಂಗ್ಲಿಷಿನ ‘ಎಂ’ ಇರಬೇಕಾದ ಜಾಗದಲ್ಲಿ ‘ಆರ್’ ಮತ್ತು ‘ಎನ್’ ಒತ್ತೊತ್ತಾಗಿ ಕೂತಿದ್ದವು. ಬೆರಳಿಟ್ಟು ತೋರಿಸಿದ ಮೇಲೂ ಮಾಲೀಕರಿಗೆ ಕಾಣಲು ಕನ್ನಡಕ ಬೇಕಾಯಿತು. ಆ ಘಟಕದ ಮೇಲ್‌ಬಾಕ್ಸಿನ ಸೆಟ್ಟಿಂಗ್ ತೆರೆದು ನೋಡಿದರೆ, ಇನ್‌ವಾಯ್ಸ್ ಎಂಬ ಪದವಿರುವ ಪ್ರತಿ ಮೇಲಿನ ಪ್ರತಿಯೂ ಹೊರಗಿನ ಒಂದು ವಿಳಾಸಕ್ಕೆ ತಾನಾಗಿ ಹೋಗುವಂತೆ ಯಾರೋ ನಿಯಮ ಬರೆದಿಟ್ಟಿದ್ದರು. ವಂಚಕ ಅವಸರ ಮಾಡಿರಲಿಲ್ಲ. ಎಲ್ಲವನ್ನೂ ಓದುತ್ತಾ, ದೊಡ್ಡ ಬಿಲ್ ಬರುವವರೆಗೆ ಕಾದಿದ್ದ. ಆದ್ದರಿಂದ ಮೇಲ್ ಖಾತೆಗಳ ಫಾರ್ವರ್ಡಿಂಗ್ ನಿಯಮಗಳನ್ನು ತಿಂಗಳಿಗೊಮ್ಮೆ ತೆರೆದು ನೋಡಿ.

ಅಲ್ಲಿ ಕಿರಿಯ ಅಕೌಂಟೆಂಟ್‌ಗೆ ಅನುಮಾನ ಬಂದಿತ್ತಂತೆ. ‘ಕೇಳೋಣ ಅಂದ್ಕೊಂಡೆ ಸಾರ್, ಎಂಡಿ ಸಾರ್ ಅರ್ಜೆಂಟ್ ಮಾಡ್ತಿದ್ರು’ ಎಂದ. ಅಂದಿನಿಂದ ನಾನು ಹೋದ ಕಡೆಯೆಲ್ಲ ಒಂದು ಕಾಗದಕ್ಕೆ ಎಂಡಿಯವರ ಸಹಿ ಹಾಕಿಸುತ್ತೇನೆ. ಖಾತೆ ಬದಲಾವಣೆಯ ಸೂಚನೆ ಬಂದರೆ, ಮೇಲಿನಲ್ಲಿರುವ ನಂಬರಿಗಲ್ಲದೆ ನಮ್ಮ ಹಳೆಯ ದಾಖಲೆಯಲ್ಲಿರುವ ನಂಬರಿಗೆ ಫೋನ್ ಮಾಡಿ ಖಚಿತವಾಗುವವರೆಗೆ ಹಣ ಹೋಗಕೂಡದು. ಹೀಗೆ ತಡೆದ ನೌಕರನನ್ನು ಯಾರೂ, ಎಂಡಿಯವರೂ ಸಹ, ತರಾಟೆಗೆ ತೆಗೆದುಕೊಳ್ಳಕೂಡದು. ಈ ಎರಡನೇ ವಾಕ್ಯಕ್ಕೆ ಸಹಿ ಹಾಕುವಾಗ ಪೆನ್ನು ಸ್ವಲ್ಪ ನಿಧಾನವಾಗುತ್ತದೆ.

ಒಂದು ಪ್ರಶ್ನೆಯ ಬೆಲೆ ಎಷ್ಟು ಎಂದು ಯಾರಾದರೂ ಕೇಳಿದರೆ ಬಾಂಗ್ಲಾದೇಶ ಬ್ಯಾಂಕಿನ ಕಥೆ ಹೇಳುತ್ತೇನೆ. 2016ರ ಫೆಬ್ರವರಿ 4ರ ಗುರುವಾರ ರಾತ್ರಿ, ಅಲ್ಲಿ ವಾರದ ರಜೆ ಶುರುವಾಗುವ ಹೊತ್ತಿಗೆ, ಕಳ್ಳರು ನ್ಯೂಯಾರ್ಕಿನ ಫೆಡರಲ್ ರಿಸರ್ವ್‌ಗೆ ಸುಮಾರು 95 ಕೋಟಿ ಡಾಲರಿನ ವರ್ಗಾವಣೆ ಆದೇಶಗಳನ್ನು ಕಳಿಸಿದರು. 8.1 ಕೋಟಿ ಡಾಲರ್ ಮನಿಲಾದ ಖಾತೆಗಳಿಗೆ ಹೋಗಿಯೇ ಬಿಟ್ಟಿತು. ಶ್ರೀಲಂಕಾಕ್ಕೆ ಹೊರಟ 2 ಕೋಟಿ ಡಾಲರಿನ ಆದೇಶದಲ್ಲಿ ‘ಫೌಂಡೇಶನ್’ ಪದದ ಕಾಗುಣಿತ ತಪ್ಪಿತ್ತು. ನಡುವಿನ ಡಾಯ್ಚ ಬ್ಯಾಂಕಿನಲ್ಲಿ ಅದನ್ನು ಗಮನಿಸಿ, ಇದೇನು ಎಂದು ಸ್ಪಷ್ಟೀಕರಣ ಕೇಳಿದರು. ಹಣ ಉಳಿಯಿತು.

6. ಬ್ಯಾಕಪ್ ಇದೆಯೇ ಎಂದು ಕೇಳಬೇಡಿ, ಮರಳಿಸಿ ತೋರಿಸಿ ಎನ್ನಿ

ಬ್ಯಾಕಪ್ ಎಲ್ಲರ ಬಳಿಯೂ ಇದೆ. ಸರ್ವರಿನ ಹಿಂಬದಿಗೆ ಸದಾ ಚುಚ್ಚಿಟ್ಟಿರುವ ಒಂದು ಕಪ್ಪು ಹಾರ್ಡ್‌ಡಿಸ್ಕ್. ರ‍್ಯಾನ್ಸಮ್‌ವೇರ್ ಸರ್ವರಿನ ಟ್ಯಾಲಿ ಫೋಲ್ಡರನ್ನು ಬೀಗ ಹಾಕಿ ಮುಗಿಸಿ, ಅದೇ ಉಸಿರಿನಲ್ಲಿ ಹಾರ್ಡ್‌ಡಿಸ್ಕಿಗೂ ಹಾಕುತ್ತದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ ಎಂಬ ಹಳೆಯ ಸೂತ್ರ ಈಗಲೂ ಸರಿ. ನಾನು ಸೇರಿಸುವುದಿಷ್ಟೇ, ಒಂದು ಪ್ರತಿಯಾದರೂ ಯಾವ ತಂತಿಗೂ ತಗುಲದೆ ಕಪಾಟಿನಲ್ಲಿರಲಿ.

2017ರ ಜೂನ್ 27ರಂದು ನಾಟ್‌ಪೆಟ್ಯಾ ದಾಳಿಯಲ್ಲಿ ಹಡಗು ಕಂಪನಿ ಮೇರ್ಸ್ಕ್‌ನ ಜಾಲ ಜಗತ್ತಿನಾದ್ಯಂತ ಕುಸಿಯಿತು. ಮುಂಬೈ ಬಳಿಯ ಜವಾಹರಲಾಲ್ ನೆಹರು ಬಂದರಿನ ಟರ್ಮಿನಲ್ಲೂ ಸ್ತಬ್ಧವಾಯಿತು. ಜಾಲಕ್ಕೆ ಯಾರು ಯಾರೆಂದು ಗುರುತು ಹೇಳುವ ಡೊಮೈನ್ ಕಂಟ್ರೋಲರುಗಳು ಒಂದಕ್ಕೊಂದು ಪ್ರತಿಯಾಗಿದ್ದವು. ಎಲ್ಲವೂ ಒಟ್ಟಿಗೇ ಅಳಿಸಿಹೋದವು. ಉಳಿದದ್ದು ಘಾನಾದ ಒಂದೇ ಒಂದು, ಅದೂ ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿದ್ದರಿಂದ. ಈ ಕಥೆ ಕೇಳಿದ ಪೀಣ್ಯದ ಮಾಲೀಕರೊಬ್ಬರು ‘ಹಾಗಾದ್ರೆ ಕರೆಂಟ್ ತೆಗೆಯೋ ಬೆಸ್ಕಾಂನವರು ನಮ್ಮನ್ನ ಕಾಪಾಡ್ತಿದಾರೆ ಅನ್ನಿ’ ಎಂದು ನಕ್ಕರು.

ಮರಳಿಸುವ ತಾಲೀಮಿನಲ್ಲಿ ಬೇರೆಯೇ ವಿಷಯಗಳು ಹೊರಬರುತ್ತವೆ. ಬ್ಯಾಕಪ್ ಫೈಲಿಗೆ ಹಾಕಿದ ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ಆಸ್ಪತ್ರೆಯ ಸಾಫ್ಟ್‌ವೇರಿನ ಲೈಸೆನ್ಸ್ ಹಳೆಯ ಸರ್ವರಿಗೇ ಕಟ್ಟಿರುತ್ತದೆ. ದತ್ತಾಂಶ ಇದೆ, ಆದರೆ ರೋಗಿಗಳ ಸ್ಕ್ಯಾನ್ ಚಿತ್ರಗಳಿರುವ ಫೋಲ್ಡರನ್ನು ಬ್ಯಾಕಪ್‌ಗೆ ಯಾರೂ ಸೇರಿಸಿಯೇ ಇರಲಿಲ್ಲ. ಇವೆಲ್ಲ ಸಾಮಾನ್ಯ ದಿನದಲ್ಲಿ ಗೊತ್ತಾದರೆ ಒಂದು ಫೋನ್ ಕರೆಯಲ್ಲಿ ಮುಗಿಯುತ್ತವೆ.

7. ದುರಸ್ತಿಗೆ ಬರುವವರಿಗೆ ಬಾಗಿಲು ಸದಾ ತೆರೆದಿಡಬೇಡಿ

ಟ್ಯಾಲಿಯವರು, ಬಿಲ್ಲಿಂಗ್ ಸಾಫ್ಟ್‌ವೇರಿನವರು, ಲಿಫ್ಟಿನವರು, ಸಿಸಿಟಿವಿಯವರು, ಎಲ್ಲರಿಗೂ ದೂರದಿಂದಲೇ ನಮ್ಮ ಕಂಪ್ಯೂಟರ್ ನಡೆಸುವ ಎನಿಡೆಸ್ಕ್ ಬೇಕು. ಪ್ರತಿ ಸಲ ಅನುಮತಿ ಕೇಳುವುದು ಕಿರಿಕಿರಿ ಎಂದು ಒಂದು ಶಾಶ್ವತ ಪಾಸ್‌ವರ್ಡ್ ಇಟ್ಟಿರುತ್ತಾರೆ. ಆ ಹುಡುಗರು ತಮ್ಮ ಎಲ್ಲ ಗಿರಾಕಿಗಳಿಗೂ ಅದೇ ಪಾಸ್‌ವರ್ಡ್ ಇಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರಲ್ಲಿ ಒಬ್ಬರ ಲ್ಯಾಪ್‌ಟಾಪ್ ಹೋದರೆ ಇಡೀ ಕೈಗಾರಿಕಾ ಪ್ರದೇಶದ ಲೆಕ್ಕಪತ್ರ ಹೋದಂತೆ.

2024ರ ಜುಲೈ ಕೊನೆಯಲ್ಲಿ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಕೊಡುವ ಸಿ-ಎಡ್ಜ್ ಟೆಕ್ನಾಲಜೀಸ್ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾದಾಗ, ಯುಪಿಐ ಜಾಲ ನಡೆಸುವ ಎನ್‌ಪಿಸಿಐ ಮುನ್ನೆಚ್ಚರಿಕೆಯಾಗಿ ಅದರ ಸಂಪರ್ಕ ಕಡಿಯಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ಕೈಕೊಟ್ಟವು. ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆಯ ವಿಶ್ಲೇಷಣೆಯಂತೆ, ದಾಳಿಕೋರರು ಹೊಕ್ಕಿದ್ದು ಸಿ-ಎಡ್ಜ್‌ನೊಂದಿಗೆ ಕೆಲಸ ಮಾಡುತ್ತಿದ್ದ ಇನ್ನೊಂದು ಕಂಪನಿಯ, ಸರಿಯಾಗಿ ಹೊಂದಿಸದೆ ಬಿಟ್ಟಿದ್ದ ತಂತ್ರಾಂಶ ತಯಾರಿಕೆಗೆ ಬಳಸುವ ಒಂದು ಜೆಂಕಿನ್ಸ್ ಸರ್ವರಿನ ಮೂಲಕ. ಆ 300 ಬ್ಯಾಂಕುಗಳಲ್ಲಿ ಆ ಕಂಪನಿಯ ಹೆಸರು ಕೇಳಿದ್ದ ಮ್ಯಾನೇಜರುಗಳು ಎಷ್ಟಿದ್ದಾರು!

ನಿಯಮ ಸರಳ. ಅವರು ಫೋನ್ ಮಾಡಬೇಕು, ನಮ್ಮವರು ತೆರೆದು ಕೊಡಬೇಕು, ಕೆಲಸ ಮುಗಿಯುವವರೆಗೆ ಪರದೆಯ ಮುಂದೆ ಕೂರಬೇಕು, ಆಮೇಲೆ ಮುಚ್ಚಬೇಕು. ಕೂರುವ ತಾಳ್ಮೆ ಯಾರಿಗೂ ಇರುವುದಿಲ್ಲ, ಒಪ್ಪುತ್ತೇನೆ. ಕೂರಿಸಿ.

8. ಒತ್ತಿದವರನ್ನು ಬಯ್ಯಬೇಡಿ

ನಕಲಿ ಮೇಲ್ ಕಳಿಸಿ ಯಾರು ಕೊಂಡಿ ಒತ್ತುತ್ತಾರೆ ಎಂದು ಪರೀಕ್ಷಿಸಿ, ಒತ್ತಿದವರ ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕಿದ ಸಂಸ್ಥೆಯೊಂದನ್ನು ಕಂಡೆ. ಮುಂದಿನ ಪರೀಕ್ಷೆಯಲ್ಲಿ ಒತ್ತುವವರು ಕಡಿಮೆಯಾದರು ಎಂದು ಅವರು ಬೀಗಿದರು. ಒತ್ತಿದ್ದನ್ನು ಬಂದು ಹೇಳುವವರು ಎಷ್ಟಾದರು ಎಂಬ ಲೆಕ್ಕ ಅವರಲ್ಲಿರಲಿಲ್ಲ. ನನಗೆ ಬೇಕಾದದ್ದು ಆ ಎರಡನೇ ಅಂಕಿ. ನೂರು ಜನರಲ್ಲಿ ಒಬ್ಬರಾದರೂ ಒತ್ತಿಯೇ ಒತ್ತುತ್ತಾರೆ. ‘ಅಣ್ಣ, ಏನೋ ಒತ್ಬಿಟ್ಟೆ, ಸ್ವಲ್ಪ ನೋಡು’ ಎಂದು ಐದು ನಿಮಿಷದಲ್ಲಿ ಐಟಿ ಹುಡುಗನ ಬಳಿ ಬಂದರೆ ಒಂದು ಕಂಪ್ಯೂಟರಿನಲ್ಲಿ ಮುಗಿಯುತ್ತದೆ. ಮಾನ ಹೋಗುತ್ತದೆ ಎಂದು ಮುಚ್ಚಿಟ್ಟರೆ ಇಡೀ ಆಫೀಸಿಗೆ ಹಬ್ಬುತ್ತದೆ.

ತರಬೇತಿ ಕನ್ನಡದಲ್ಲಿರಲಿ. ಶಾಪ್ ಫ್ಲೋರಿನ ಸೂಪರ್‌ವೈಸರಿಗೂ ಆಸ್ಪತ್ರೆಯ ಸ್ವಾಗತ ಕೌಂಟರಿನವರಿಗೂ ಇಂಗ್ಲಿಷ್ ಸ್ಲೈಡ್ ತೋರಿಸಿ ಹಾಜರಿ ಪಡೆಯುವುದರಿಂದ ಆಡಿಟ್ ಫೈಲು ದಪ್ಪವಾಗುತ್ತದೆ ಅಷ್ಟೆ.

9. ಕೆಲಸ ಬಿಟ್ಟವರ ಲಾಗಿನ್ ಅಂದೇ ಮುಚ್ಚಿ

ಬೀಳ್ಕೊಡುಗೆಯ ಕೇಕ್ ಕತ್ತರಿಸುವ ಮೊದಲೇ. ವಾಟ್ಸ್ಆ್ಯಪ್ ಗ್ರೂಪುಗಳಿಂದಲೂ ತೆಗೆಯಿರಿ. ನಮ್ಮಲ್ಲಿ ಅರ್ಧ ಕಡತಗಳು ಓಡಾಡುವುದು ಅಲ್ಲೇ.

10. ಮಾಲೀಕರಿಗೆ ದಿನಗಳ ಲೆಕ್ಕದಲ್ಲಿ ಹೇಳಿ

‘ರಿಸ್ಕ್ ಹೈ’ ಎಂದು ಕೆಂಪು ಬಣ್ಣ ಬಳಿದ ವರದಿಯನ್ನು ಯಾರೂ ಓದುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಸೂಕ್ತ ಭದ್ರತೆ ವಹಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡವಿದೆ ಎಂದರೂ ಸಣ್ಣ ಮಾಲೀಕರು ಮುಗುಳ್ನಗುತ್ತಾರೆ, ಅಷ್ಟು ದೊಡ್ಡ ಮೊತ್ತ ಅವರಿಗೆ ನಿಜವೆನಿಸುವುದಿಲ್ಲ. ‘ಬಿಲ್ಲಿಂಗ್ ನಿಂತರೆ ಎಷ್ಟು ದಿನ ತಡೆದುಕೊಳ್ಳುತ್ತೀರಿ?’ ಎಂದು ಕೇಳಿದರೆ ತಕ್ಷಣ ಕ್ಯಾಲ್ಕುಲೇಟರ್ ಹೊರಬರುತ್ತದೆ. ಅವರ ಬಾಯಿಂದ ಬಂದ ಆ ದಿನಗಳ ಸಂಖ್ಯೆಯ ಮೇಲೆ ಬಜೆಟ್ ಕಟ್ಟುತ್ತೇನೆ.

11. ಆ ದಿನಕ್ಕೆ ಒಂದು ಹಾಳೆ ಅಚ್ಚು ಹಾಕಿಡಿ

ಅಚ್ಚು ಹಾಕಿಯೇ ಇಡಬೇಕು. ಸರ್ವರಿನಲ್ಲಿಟ್ಟ ತುರ್ತು ಯೋಜನೆಯನ್ನು ಸರ್ವರ್ ಬಿದ್ದಾಗ ಓದಲಾಗುವುದಿಲ್ಲ.

ಹಾಳೆಯ ಮೊದಲ ಸಾಲು, ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಆರಿಸಿ, ಕಂಪ್ಯೂಟರ್ ಆರಿಸಬೇಡಿ. ಎರಡನೆಯದು, ಯಾವುದನ್ನೂ ಫಾರ್ಮ್ಯಾಟ್ ಮಾಡಬೇಡಿ. ಉತ್ಸಾಹಿ ಐಟಿ ಹುಡುಗ ವಿಂಡೋಸ್ ಮರುಸ್ಥಾಪಿಸಿ ‘ಸರಿಯಾಯ್ತು ಸಾರ್’ ಎಂದ ಕ್ಷಣದಲ್ಲಿ ಕಳ್ಳ ಹೇಗೆ ಬಂದ ಎಂಬ ಗುರುತೆಲ್ಲ ಅಳಿಸಿಹೋಗಿರುತ್ತದೆ, ಬಂದ ದಾರಿ ಮಾತ್ರ ಹಾಗೇ ಇರುತ್ತದೆ. ಆಮೇಲೆ ಫೋನ್ ನಂಬರುಗಳು. ಹಣ ಹೋಗಿದ್ದರೆ ಬ್ಯಾಂಕ್ ಮತ್ತು ಸೈಬರ್ ವಂಚನೆಯ 1930 ಸಹಾಯವಾಣಿಗೆ ತಡಮಾಡದೆ ಕರೆ ಮಾಡಬೇಕು, ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ನಿಂತಿದ್ದರೆ ಹಿಡಿಯುವ ಅವಕಾಶ ಆ ಮೊದಲ ಹೊತ್ತಿನಲ್ಲೇ. ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯ ನಂಬರೂ ಇರಲಿ. 2022ರ ಏಪ್ರಿಲ್ 28ರ ನಿರ್ದೇಶನದಂತೆ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ತುರ್ತು ಸ್ಪಂದನಾ ತಂಡ ಸರ್ಟ್-ಇನ್‌ಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ನಮ್ಮ ಸಣ್ಣ ಫೈರ್‌ವಾಲ್‌ಗಳಲ್ಲಿ ಜಾಗ ಸಾಲದೆ ಲಾಗ್ ತಾನಾಗಿ ಅಳಿದುಹೋಗುತ್ತಿರುತ್ತದೆ. ಇದನ್ನು ಇವತ್ತೇ ಲಾಗಿನ್ ಆಗಿ ನೋಡಿ.

ಹಾಳೆಯ ಕೊನೆಯಲ್ಲಿ ರಜಾದಿನಗಳಲ್ಲಿ ಯಾರು ಫೋನ್ ಎತ್ತಬೇಕು ಎಂಬ ಪಟ್ಟಿ ಇರಬೇಕು. ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ 2018ರಲ್ಲಿ ಸುಮಾರು 94 ಕೋಟಿ ರೂಪಾಯಿ ಹೋಯಿತು. ಹತ್ತಾರು ದೇಶಗಳ ಎಟಿಎಂಗಳಿಂದ ಹಣ ತೆಗೆದದ್ದು ಆಗಸ್ಟ್ 11ರಂದು, ಬ್ಯಾಂಕುಗಳಿಗೆ ರಜೆಯಿರುವ ಎರಡನೇ ಶನಿವಾರ. ದಸರಾ, ದೀಪಾವಳಿ, ಯುಗಾದಿಯ ಹಿಂದುಮುಂದಿನ ದೀರ್ಘ ವಾರಾಂತ್ಯಗಳಿಗೆ ಇಬ್ಬಿಬ್ಬರ ಹೆಸರು ಹಾಕಿಸುತ್ತೇನೆ, ಒಬ್ಬರು ಊರಿಗೆ ಹೋದರೆ ಇನ್ನೊಬ್ಬರು. ಅವರಿಗೆ ಆ ದಿನದ ಭತ್ಯೆ ಕೊಡಬೇಕು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಸುತ್ತೇನೆ. ಮತ್ತೆ, ಅಪಾಯ ಕಂಡರೆ ಮಾಲೀಕರನ್ನು ಕೇಳದೆಯೇ ಸರ್ವರಿನ ಸಂಪರ್ಕ ಕೀಳುವ ಅಧಿಕಾರ ಅವರಿಗಿದೆ ಎಂದು ಬರೆಸಿ, ಅದರ ಕೆಳಗೆ ಮಾಲೀಕರ ಸಹಿ ಪಡೆಯುತ್ತೇನೆ.